ನ್ಯಾಯಪ್ರಮಾಣವೂ ಧರ್ಮಶಾಸ್ತ್ರವೂ: ಕನ್ನಡ ಬೈಬಲ್ಲಿನಲ್ಲಿ ಮೋಶೆಯ ವಿಧಿಯ ಸ್ಥಾನವಿಚಾರ

ಪರದೇಶದ ಮತಗ್ರಂಥವೊಂದು ಒಂದು ಭಾಷೆಗೆ ಇಳಿಯುವಾಗ ಅದರ ಕಥಾಭಾಗವು ಸುಲಭವಾಗಿ ಇಳಿಯುತ್ತದೆ. ವಿಧಿಭಾಗವೂ ಸಿದ್ಧಾಂತಭಾಗವೂ ಹಾಗೆ ಇಳಿಯುವುದಿಲ್ಲ. ತಂದೆ, ಮಗ, ಹೊಲ, ಕುರಿ, ರಾಜ, ಯುದ್ಧ ಮೊದಲಾಗಿ ಕಥೆಗೆ ಬೇಕಾದ ಮಾತುಗಳು ಎಲ್ಲ ಭಾಷೆಗಳಲ್ಲಿಯೂ ಇರುವುವು. ವಿಧಿ, ಪಾಪ, ಪ್ರಾಯಶ್ಚಿತ್ತ, ಯಜ್ಞ, ಮುಕ್ತಿ ಎಂಬ ಮಾತುಗಳಾದರೋ ಆಯಾ ನಾಡಿನ ಶಾಸ್ತ್ರಗಳಲ್ಲಿ ಬಹುಕಾಲ ಪಳಗಿ, ತಮ್ಮದೇ ಆದ ಅರ್ಥಭಾರವನ್ನು ಹೊತ್ತು ಬಂದಿರುವುವು. ಅವುಗಳನ್ನು ಮತ್ತೊಂದು ಮತದ ಸೇವೆಗೆ ನಿಯೋಜಿಸಿದಾಗ ಹಳೆಯ ಭಾರವನ್ನು ಇಳಿಸಿ ಬರುವುದಿಲ್ಲ. ಕನ್ನಡ ಬೈಬಲ್ಲಿನ ಇತಿಹಾಸದಲ್ಲಿ ಈ ಮಾತಿಗೆ ಉತ್ತಮವಾದ ನಿದರ್ಶನವು ಯೆಹೂದ್ಯರ 'ತೋರಾ' ಎಂಬ ಶಬ್ದವು.

ಮೋಶೆಯ ಮೂಲಕ ಬಂದ ಈ ವಿಧಿಗೂ ಕ್ರೈಸ್ತನ ನಂಬಿಕೆಗೂ ಸಂಬಂಧವೇನು, ಅದನ್ನು ಆಚರಿಸಿದರೆ ಮಾತ್ರ ಮನುಷ್ಯನಿಗೆ ರಕ್ಷಣೆಯುಂಟೋ, ಆಚರಿಸದೆಯೂ ಉಂಟೋ, ಉಂಟಾದರೆ ಆ ವಿಧಿಯು ವ್ಯರ್ಥವಾಯಿತೋ ಎಂಬ ಪ್ರಶ್ನೆಗಳು ಕ್ರೈಸ್ತಮತದಷ್ಟೇ ಹಳೆಯವು. ಕನ್ನಡದ ಹಳೆಯ ಬೈಬಲ್ ಪಾಠದಲ್ಲಿ ತೋರಾ ಶಬ್ದಕ್ಕೆ 'ನ್ಯಾಯಪ್ರಮಾಣ'ವೆಂದೂ, ಪರಿಷ್ಕೃತವಾಗಿ ಇಪ್ಪತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಪಾಠದಲ್ಲಿ 'ಧರ್ಮಶಾಸ್ತ್ರ'ವೆಂದೂ ಭಾಷಾಂತರವಿದೆ. ಈ ಎರಡು ಮಾತುಗಳಲ್ಲಿ ಯಾವುದು ಸರಿಯೆಂದು ಕೇಳುವುದಕ್ಕಿಂತ, ಒಂದೊಂದೂ ಮೂಲದ ಯಾವ ಅಂಶವನ್ನು ಹಿಡಿದಿದೆ, ಯಾವುದನ್ನು ಕೈಬಿಟ್ಟಿದೆ ಎಂದು ವಿಚಾರಿಸುವುದು ಹೆಚ್ಚು ಫಲಕಾರಿಯು.

೧. ಮೂಲಶಬ್ದ

ತೋರಾ ಎಂಬುದು 'ಯಾರಾ' ಎಂಬ ಹೀಬ್ರೂ ಧಾತುವಿನಿಂದ ಬಂದುದು. ಆ ಧಾತುವಿನ ಪ್ರೇರಣಾರ್ಥಕರೂಪಕ್ಕೆ ತೋರಿಸಿಕೊಡು, ಕಲಿಸು ಎಂಬ ಅರ್ಥವಿದೆ. ಆದುದರಿಂದ ತೋರಾ ಎಂದರೆ ಮೊದಲು ಉಪದೇಶ. ಬಳಿಕ ಉಪದೇಶರೂಪವಾದ ವಿಧಿ. ಅನಂತರ ಆ ವಿಧಿಗಳನ್ನೊಳಗೊಂಡ ಐದು ಗ್ರಂಥಗಳ ಸಮುದಾಯ. ಯೆಹೂದ್ಯಪರಂಪರೆಯು ಇದರಲ್ಲಿ ೬೧೩ ಆಜ್ಞೆಗಳನ್ನು ಎಣಿಸುತ್ತದೆ. ಅವುಗಳಲ್ಲಿ ೨೪೮ ವಿಧಿಗಳು, ೩೬೫ ನಿಷೇಧಗಳು. ವಿಧಿನಿಷೇಧಗಳನ್ನು ಬೇರ್ಪಡಿಸಿ ಎಣಿಸುವ ಈ ಪದ್ಧತಿಯು ಮೀಮಾಂಸಾಶಾಸ್ತ್ರದಲ್ಲಿ ಪರಿಶ್ರಮವುಳ್ಳವರಿಗೆ ಅಪರಿಚಿತವೆನಿಸಲಾರದು.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯ ನಗರದಲ್ಲಿ ಈ ಐದು ಗ್ರಂಥಗಳು ಗ್ರೀಕ್ ಭಾಷೆಗೆ ಪರಿವರ್ತಿತವಾದಾಗ ತೋರಾ ಶಬ್ದಕ್ಕೆ 'ನೊಮೊಸ್' ಎಂಬ ಮಾತನ್ನು ಇಟ್ಟರು. ನೊಮೊಸ್ ಎಂದರೆ ಕಟ್ಟಳೆ, ರಾಜ್ಯದ ಶಾಸನ. ಲ್ಯಾಟಿನ್ನಿನಲ್ಲಿ ಅದೇ 'ಲೆಕ್ಸ್' ಆಯಿತು. ಉಪದೇಶವೆಂಬ ಅರ್ಥವು ಹೀಗೆ ಹೆಜ್ಜೆಹೆಜ್ಜೆಗೂ ಕುಗ್ಗಿ, ಶಾಸನವೆಂಬ ಅರ್ಥವು ಹಿಗ್ಗಿತು. ಕ್ರೈಸ್ತಮತದ ಆದಿಗ್ರಂಥಗಳು ಗ್ರೀಕಿನಲ್ಲಿ ರಚಿತವಾದುದರಿಂದ ಈ ಸಂಕೋಚವು ಕನ್ನಡಕ್ಕೆ ಬರುವುದಕ್ಕೆ ಎರಡು ಸಾವಿರ ವರ್ಷಗಳ ಮೊದಲೇ ಆಗಿಹೋಗಿತ್ತು ಎಂಬುದನ್ನು ಮರೆಯಲಾಗದು. ಕನ್ನಡ ಭಾಷಾಂತರಕಾರರ ಮೇಲೆ ಹೊರಿಸಬಹುದಾದ ದೋಷಗಳಲ್ಲಿ ಬಹುಭಾಗವು ಅವರದಲ್ಲ.

೨. ಪ್ರಶ್ನೆ ಹುಟ್ಟಿದ ಬಗೆ

ಯೇಸು ಕ್ರಿಸ್ತನೂ ಆತನ ಮೊದಲ ಶಿಷ್ಯರೂ ಯೆಹೂದ್ಯರೇ. ಸುನ್ನತಿ, ಸಬ್ಬತ್ ದಿನದ ವಿಶ್ರಾಂತಿ, ಆಹಾರನಿಯಮ, ಯೆರೂಸಲೇಮಿನ ದೇವಾಲಯಸೇವೆ ಇವೆಲ್ಲ ಅವರಿಗೆ ಹುಟ್ಟಿನಿಂದ ಬಂದ ಆಚಾರಗಳು. ವಿಧಿಯನ್ನು ತೆಗೆದುಹಾಕುವುದಕ್ಕಲ್ಲ, ನೆರವೇರಿಸುವುದಕ್ಕೆ ತಾನು ಬಂದುದಾಗಿ ಕ್ರಿಸ್ತನು ಹೇಳಿದನೆಂದು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವು ತಿಳಿಸುತ್ತದೆ. ವಿಧಿಯಲ್ಲೆಲ್ಲ ದೊಡ್ಡದು ಯಾವುದೆಂದು ಕೇಳಿದವರಿಗೆ ಆತನು ಕೊಟ್ಟ ಉತ್ತರದ ಎರಡು ಆಜ್ಞೆಗಳೂ, ಎಂದರೆ ದೈವಪ್ರೀತಿಯೂ ನೆರೆಯವನ ಪ್ರೀತಿಯೂ, ತೋರಾದಿಂದಲೇ ಎತ್ತಿಕೊಂಡವು. ಆದುದರಿಂದ ಆರಂಭದಲ್ಲಿ ವಿಧಿಯೋ ನಂಬಿಕೆಯೋ ಎಂಬ ವಿಕಲ್ಪವೇ ಇರಲಿಲ್ಲ.

ಯೆಹೂದ್ಯರಲ್ಲದ ಅನ್ಯಜನರು ಸಭೆಯನ್ನು ಸೇರತೊಡಗಿದಾಗ ವಿಕಲ್ಪವು ಹುಟ್ಟಿತು. ಅವರು ಮೊದಲು ಸುನ್ನತಿ ಮಾಡಿಸಿಕೊಂಡು ಮೋಶೆಯ ವಿಧಿಗೆ ಒಳಗಾಗಬೇಕೋ, ನೇರವಾಗಿ ಸಭೆಯನ್ನು ಸೇರಬಹುದೋ? ಕ್ರಿ. ಶ. ೪೯ರ ಸುಮಾರಿಗೆ ಯೆರೂಸಲೇಮಿನಲ್ಲಿ ಕೂಡಿದ ಸಭೆಯು ಸುನ್ನತಿಯ ಭಾರವನ್ನು ಅವರ ಮೇಲೆ ಹೊರಿಸಬಾರದೆಂದು ತೀರ್ಮಾನಿಸಿತು. ವಿಗ್ರಹಕ್ಕೆ ಅರ್ಪಿಸಿದುದು, ರಕ್ತ, ಕುತ್ತಿಗೆ ಹಿಸುಕಿ ಕೊಂದುದು, ವ್ಯಭಿಚಾರ ಇವು ನಾಲ್ಕನ್ನು ಮಾತ್ರ ವರ್ಜಿಸತಕ್ಕದ್ದೆಂದು ವಿಧಿಸಿತು. ಹೀಗೆ ತೀರ್ಮಾನವಾದರೂ ವಾದವು ನಿಲ್ಲಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದವನು, ಯಾಕೋಬನ ಕಡೆಯವರು ಬಂದೊಡನೆ ಹಿಂಜರಿದು ಪಂಕ್ತಿಯನ್ನು ಬಿಟ್ಟನು. ಪೌಲನು ಎಲ್ಲರ ಮುಂದೆ ಅವನನ್ನು ಆಕ್ಷೇಪಿಸಿದನು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಈ ವೃತ್ತಾಂತವಿದೆ.

ಪೌಲನ ವಾದಸರಣಿಯು ಹೀಗಿದೆ: ಅಬ್ರಹಾಮನು ದೇವರ ಮಾತನ್ನು ನಂಬಿದನು, ಆ ನಂಬಿಕೆಯೇ ಅವನಿಗೆ ನೀತಿಯಾಗಿ ಎಣಿಕೆಯಾಯಿತು. ಆಗ ಅವನಿಗೆ ಸುನ್ನತಿಯೂ ಆಗಿರಲಿಲ್ಲ. ಮೋಶೆಯ ವಿಧಿಯಾದರೋ ಅದಕ್ಕೆ ೪೩೦ ವರ್ಷಗಳ ತರುವಾಯ ಬಂದಿತು. ಹಿಂದೆ ಕೊಟ್ಟ ವಾಗ್ದಾನವನ್ನು ಮುಂದೆ ಬಂದ ವಿಧಿಯು ರದ್ದು ಮಾಡಲಾರದು. ಹಾಗಾದರೆ ವಿಧಿಯೇತಕ್ಕೆ? ಪಾಪವು ಪಾಪವೆಂದು ತಿಳಿಯುವುದಕ್ಕೆ. ಮಕ್ಕಳನ್ನು ಕೈಹಿಡಿದು ಗುರುವಿನ ಬಳಿಗೆ ಕರೆದೊಯ್ಯುವ ಸೇವಕನಂತೆ ಅದು ಕ್ರಿಸ್ತನವರೆಗೆ ಕರೆತರುವುದು. ಇಷ್ಟು ಹೇಳಿದ ಪೌಲನೇ ರೋಮಾಪುರದವರ ಪತ್ರಿಕೆಯಲ್ಲಿ ವಿಧಿಯು ಪವಿತ್ರವೆಂದೂ, ನಂಬಿಕೆಯು ಅದನ್ನು ಅಳಿಸದೆ ಸ್ಥಿರಪಡಿಸುವುದೆಂದೂ ಹೇಳುವನು. ಕ್ರಿಸ್ತನು ವಿಧಿಯ 'ತೆಲೊಸ್' ಎಂದು ಅದೇ ಪತ್ರಿಕೆಯ ಹತ್ತನೆಯ ಅಧ್ಯಾಯದಲ್ಲಿ ಹೇಳಿದೆ. ಈ ಗ್ರೀಕ್ ಮಾತಿಗೆ ಕೊನೆಯೆಂದೂ ಗುರಿಯೆಂದೂ ಎರಡರ್ಥ. ಸಂಸ್ಕೃತದ 'ಪರ್ಯವಸಾನ'ವೆಂಬ ಶಬ್ದವು ಈ ಎರಡನ್ನೂ ಸರಿಯಾಗಿ ಹಿಡಿಯಬಲ್ಲುದು. ಕೊನೆಯೆಂದು ಮಾತ್ರ ಓದಿದವರು ವಿಧಿಯು ಮುಗಿಯಿತೆಂದರು. ಗುರಿಯೆಂದು ಓದಿದವರು ಅದು ಸಾರ್ಥಕವಾಯಿತೆಂದರು. ಯಾಕೋಬನ ಪತ್ರಿಕೆಯು ಕ್ರಿಯೆಯಿಲ್ಲದ ನಂಬಿಕೆಯು ನಿರ್ಜೀವವೆಂದು ಎಚ್ಚರಿಸಿತು.

ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಎರಡನೆಯ ಶತಮಾನದಲ್ಲಿ ಮಾರ್ಸಿಯೋನನು ಮೋಶೆಯ ಗ್ರಂಥಗಳನ್ನೇ ತ್ಯಜಿಸಬೇಕೆಂದನು; ರೋಮಿನ ಸಭೆಯು ೧೪೪ರಲ್ಲಿ ಅವನನ್ನು ಹೊರಹಾಕಿತು. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸನು ಮೋಶೆಯ ವಿಧಿಯನ್ನು ನೈತಿಕ, ಕರ್ಮವಿಷಯಕ, ವ್ಯವಹಾರವಿಷಯಕವೆಂದು ಮೂರಾಗಿ ವಿಭಾಗಿಸಿ, ಮೊದಲನೆಯದು ನಿತ್ಯವೆಂದೂ ಉಳಿದೆರಡು ಕ್ರಿಸ್ತಾಗಮನದಿಂದ ನಿವೃತ್ತವಾದುವೆಂದೂ ಪ್ರತಿಪಾದಿಸಿದನು. ಹದಿನಾರನೆಯ ಶತಮಾನದಲ್ಲಿ ಲೂಥರನು ವಿಧಿಗೂ ಸುವಾರ್ತೆಗೂ ಇರುವ ಭೇದವನ್ನೇ ತನ್ನ ಬೋಧನೆಯ ಅಡಿಗಲ್ಲನ್ನಾಗಿ ಮಾಡಿಕೊಂಡನು. ಆದರೂ ಅವನ ಶಿಷ್ಯನಾದ ಯೋಹಾನ್ ಅಗ್ರಿಕೋಲನು ಕ್ರೈಸ್ತನಿಗೆ ವಿಧಿಬೋಧನೆಯೇ ಬೇಡವೆಂದಾಗ ೧೫೩೯ರಲ್ಲಿ ಅವನ ವಿರುದ್ಧ ಬರೆದವನು ಲೂಥರನೇ. ಕ್ಯಾಲ್ವಿನನು ವಿಧಿಗೆ ಮೂರು ಪ್ರಯೋಜನಗಳನ್ನು ಹೇಳಿ, ರಕ್ಷಣೆ ಹೊಂದಿದವನಿಗೆ ನಡೆವಳಿಕೆಯ ದಾರಿ ತೋರುವುದೇ ಮುಖ್ಯಪ್ರಯೋಜನವೆಂದನು.

ಕರ್ಣಾಟಕದ ವಿದ್ವಾಂಸರಿಗೆ ಈ ವಾದದ ಆಕಾರವು ಹೊಸದಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯದ ಚರಮಶ್ಲೋಕದಲ್ಲಿ ಹೇಳಿದ ಧರ್ಮತ್ಯಾಗವು ಧರ್ಮಗಳ ಸ್ವರೂಪತ್ಯಾಗವೋ, ಫಲಸಂಗಕರ್ತೃತ್ವಗಳ ತ್ಯಾಗವೋ ಎಂಬ ಚರ್ಚೆಯು ಶ್ರೀವೈಷ್ಣವರಲ್ಲಿ ಬಹುಕಾಲ ನಡೆದಿದೆ. ಎರಡು ಕಡೆಯಲ್ಲಿಯೂ ಪ್ರಶ್ನೆಯೊಂದೇ: ಶರಣಾದವನಿಗೆ ವಿಧಿಯು ಏನಾಗುತ್ತದೆ? ಪ್ರಶ್ನೆಯೊಂದಾದ ಮಾತ್ರಕ್ಕೆ ಉತ್ತರವೂ ಒಂದೆಂದು ಹೇಳುವುದು ತಪ್ಪಾಗುವುದು. ಆದರೆ ಪ್ರಶ್ನೆಯನ್ನು ಅರಿಯುವ ಸಾಮರ್ಥ್ಯವು ಕನ್ನಡ ಓದುಗರಿಗೆ ಹೊರಗಿನಿಂದ ಬರಬೇಕಾದುದಲ್ಲ.

೩. ಕನ್ನಡಕ್ಕೆ ಬಂದ ಬಗೆ

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬುವರು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿ ಕನ್ನಡವನ್ನು ಕಲಿತು ಬೈಬಲ್ಲನ್ನು ಭಾಷಾಂತರಿಸಲು ತೊಡಗಿದರು. ಹೊಸ ಒಡಂಬಡಿಕೆಯು ೧೮೨೦ರ ಹೊತ್ತಿಗೂ, ಸಂಪೂರ್ಣಗ್ರಂಥವು ೧೮೩೦ರ ದಶಕದ ಆರಂಭಕ್ಕೂ ಅಚ್ಚಾದುವು. ಅವರ ಸಹೋದ್ಯೋಗಿಗಳಾದ ವಿಲಿಯಂ ರೀವ್ ಎಂಬುವರು ೧೮೩೨ರಲ್ಲಿ ಕನ್ನಡ ನಿಘಂಟನ್ನು ಪ್ರಕಟಿಸಿದರು. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಪಾಠವನ್ನು ತಿದ್ದುವ ಕೆಲಸವನ್ನು ಕೈಕೊಂಡರು. ಅದರಲ್ಲಿ ಮುಖ್ಯವಾಗಿ ಶ್ರಮಿಸಿದ ಗಾಟ್‌ಫ್ರೀಡ್ ವೈಗ್ಲೆಯವರು ೧೮೫೫ರಲ್ಲಿ ತೀರಿಕೊಂಡರು. ಹರ್ಮನ್ ಮೋಗ್ಲಿಂಗರು ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಅಚ್ಚು ಹಾಕಿಸಿದುದು ಇದೇ ಕಾಲದಲ್ಲಿ. ಆದುದರಿಂದ ಈ ಪರಿಷ್ಕರಣವು ಕನ್ನಡದ ಭಕ್ತಿವಾಙ್ಮಯದ ಪರಿಚಯವುಳ್ಳವರ ನಡುವೆ ನಡೆದುದೆಂದು ತಿಳಿಯಬೇಕು.

ನೆರೆಯ ಭಾಷೆಗಳ ಪಾಠಗಳೊಡನೆ ಹೋಲಿಸಿದರೆ ಒಂದು ವಿಶೇಷವು ಗೋಚರವಾಗುತ್ತದೆ. ತಮಿಳಿನಲ್ಲಿಯೂ ಮಲೆಯಾಳದಲ್ಲಿಯೂ ತೋರಾ ಶಬ್ದಕ್ಕೆ 'ನ್ಯಾಯಪ್ರಮಾಣ'ವೇ ರೂಢವಾಗಿದೆ, ತೆಲುಗಿನಲ್ಲಿ 'ಧರ್ಮಶಾಸ್ತ್ರ'ವೆಂದಿದೆ. ಕನ್ನಡವು ಮೊದಲು ತೆಂಕಣ ಭಾಷೆಗಳ ಮಾತನ್ನೂ ತರುವಾಯ ಮೂಡಣ ಭಾಷೆಯ ಮಾತನ್ನೂ ಬಳಸಿದೆ.

ಐದು ಗ್ರಂಥಗಳ ಹೆಸರುಗಳಲ್ಲಿ ಕನ್ನಡದ ಸ್ವಾತಂತ್ರ್ಯವು ಇನ್ನೂ ಸ್ಪಷ್ಟವಾಗಿದೆ. ತಮಿಳರು ಇವುಗಳಿಗೆ ಆಗಮಗಳೆಂದು ಹೆಸರಿಟ್ಟರು. ಕನ್ನಡಿಗರೂ ತೆಲುಗರೂ ರಾಮಾಯಣದ ಮಾರ್ಯಾದೆಯಂತೆ ಕಾಂಡಗಳೆಂದರು. ಆದರೆ ನಾಲ್ಕನೆಯ ಗ್ರಂಥವನ್ನು ತೆಲುಗು ಸಂಖ್ಯಾಕಾಂಡವೆನ್ನುವುದು; ಇದು ಗ್ರೀಕ್ ಹೆಸರಿನ ಅನುವಾದ. ಕನ್ನಡವು ಅರಣ್ಯಕಾಂಡವೆನ್ನುವುದು. ಹೀಬ್ರೂ ಭಾಷೆಯಲ್ಲಿ ಆ ಗ್ರಂಥದ ಹೆಸರು 'ಬೆಮಿದ್‌ಬಾರ್', ಎಂದರೆ 'ಅರಣ್ಯದಲ್ಲಿ' ಎಂದೇ. ಐದನೆಯ ಗ್ರಂಥಕ್ಕೆ ಗ್ರೀಕರು 'ಎರಡನೆಯ ವಿಧಿ' ಎಂಬರ್ಥದ ಹೆಸರಿಟ್ಟುದು, ವಿಧಿಯ ಪ್ರತಿಯನ್ನು ಬರೆದುಕೊಳ್ಳಬೇಕೆಂದು ಅರಸನಿಗೆ ಹೇಳಿದ ಹದಿನೇಳನೆಯ ಅಧ್ಯಾಯದ ಮಾತನ್ನು ಅಪಾರ್ಥ ಮಾಡಿಕೊಂಡುದರಿಂದ. ತೆಲುಗಿನ 'ದ್ವಿತೀಯೋಪದೇಶಕಾಂಡ'ದಲ್ಲಿ ಅದರ ನೆರಳಿದೆ. ಕನ್ನಡದ 'ಧರ್ಮೋಪದೇಶಕಾಂಡ'ದಲ್ಲಿ ಆ ನೆರಳಿಲ್ಲ. ತೋರಾ ಶಬ್ದದ ಮೂಲಾರ್ಥವಾದ ಉಪದೇಶವೇ ಅಲ್ಲಿ ಮೇಲೆದ್ದು ಬಂದಿದೆ. ಎರಡನೆಯ ಗ್ರಂಥವು ತೆಲುಗಿನಲ್ಲಿ ನಿರ್ಗಮಕಾಂಡ, ಎಂದರೆ ಹೊರಟುಹೋದುದು. ಕನ್ನಡದಲ್ಲಿ ಅದು ವಿಮೋಚನಕಾಂಡ, ಎಂದರೆ ಬಿಡುಗಡೆಯಾದುದು. ಈ ಒಂದು ಹೆಸರಿನಲ್ಲಿ ಮಹತ್ತಾದ ಅರ್ಥವಡಗಿದೆ. ಅದನ್ನು ಐದನೆಯ ಪ್ರಕರಣದಲ್ಲಿ ನೋಡಬಹುದು.

೪. ನ್ಯಾಯಪ್ರಮಾಣ

ನ್ಯಾಯಪ್ರಮಾಣವೆಂಬ ಸಮಾಸವನ್ನು ಕೇಳಿದೊಡನೆ ಸಂಸ್ಕೃತಜ್ಞನಿಗೆ ತರ್ಕಶಾಸ್ತ್ರವು ನೆನಪಾಗುವುದು ಸಹಜ. ಪ್ರಮಾಣವೆಂದರೆ ಯಥಾರ್ಥಜ್ಞಾನಕ್ಕೆ ಕರಣವಾದುದು. ಲೋಕವ್ಯವಹಾರದಲ್ಲಿ ಪ್ರಮಾಣವೆಂದರೆ ಅಳತೆ, ಆಣೆ, ಸಾಕ್ಷ್ಯ. ನ್ಯಾಯವೆಂದರೆ ತೀರ್ಪು. ಈ ಎಲ್ಲ ಅರ್ಥಗಳನ್ನು ಕೂಡಿಸಿದರೆ ನ್ಯಾಯಪ್ರಮಾಣವು 'ತೀರ್ಪಿಗೆ ಅಳತೆಗೋಲು' ಎಂದಾಗುವುದು.

ಪೌಲನು ಹೇಳಿದ ವಿಧಿಪ್ರಯೋಜನವನ್ನು ಈ ಮಾತು ಆಶ್ಚರ್ಯಕರವಾಗಿ ಹಿಡಿದಿದೆ. ಹೇತುವು ಜ್ಞಾಪಕ, ಕಾರಕ ಎಂದು ಎರಡು ವಿಧ. ಹೊಗೆಯು ಬೆಂಕಿಗೆ ಜ್ಞಾಪಕಹೇತು. ಅದರಿಂದ ಬೆಂಕಿಯು ತಿಳಿಯುತ್ತದೆ, ಹುಟ್ಟುವುದಿಲ್ಲ. ಕುಂಬಾರನು ಮಡಕೆಗೆ ಕಾರಕಹೇತು. ಅವನಿಂದ ಅದು ಹುಟ್ಟುತ್ತದೆ. ಪೌಲನ ಮತದಲ್ಲಿ ವಿಧಿಯು ಪಾಪಕ್ಕೆ ಜ್ಞಾಪಕವು, ನೀತಿಗೆ ಕಾರಕವಲ್ಲ. ಅಳತೆಗೋಲು ಬಟ್ಟೆಯು ಎಷ್ಟು ಕಡಿಮೆಯಿದೆ ಎಂದು ತೋರಿಸೀತು, ಕಡಿಮೆಯಾದುದನ್ನು ತುಂಬಿಕೊಡಲಾರದು. ಹಾಗೆಂದು ಅಳತೆಗೋಲನ್ನು ದೂಷಿಸುವುದೂ ಅವಿವೇಕವು. ವಿಧಿಯು ಪವಿತ್ರವೆಂದೂ ಅದರಿಂದ ರಕ್ಷಣೆಯಿಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿದ ಪೌಲನಲ್ಲಿ ವ್ಯಾಘಾತವನ್ನು ಕಂಡವರು ಹಲವರು. ಪ್ರಮಾಣಕ್ಕೂ ಕಾರಣಕ್ಕೂ ಇರುವ ಭೇದವನ್ನು ಬಲ್ಲವರಿಗೆ ಅಲ್ಲಿ ವ್ಯಾಘಾತವು ಕಾಣಿಸದು.

ಆದರೆ ಈ ಮಾತಿಗೆ ಒಂದು ಕೊರತೆಯೂ ಉಂಟು. ಅದು ನ್ಯಾಯಸ್ಥಾನದ ಮಾತು. ಪಾಶ್ಚಾತ್ಯ ಸುಧಾರಣಾಪಂಥದವರು ರಕ್ಷಣೆಯನ್ನು ನ್ಯಾಯಾಧಿಪತಿಯ ತೀರ್ಪಿನ ರೂಪದಲ್ಲಿ ಕಲ್ಪಿಸಿಕೊಂಡವರು. ಮನುಷ್ಯನು ನೀತಿವಂತನಾಗುವನೆನ್ನದೆ, ನೀತಿವಂತನೆಂದು ನಿರ್ಣಯಿಸಲ್ಪಡುವನು ಎಂಬ ಬಳಸುಮಾತನ್ನು ಪರಿಷ್ಕೃತ ಕನ್ನಡ ಪಾಠವು ಪ್ರಯೋಗಿಸುವುದೂ ಇದೇ ಕಲ್ಪನೆಯಿಂದ. ಕನ್ನಡದಲ್ಲಿ ನೀತಿಯೆಂದರೆ ನಡತೆ. ನಡತೆಯನ್ನು ನಂಬಿಕೆಯಿಂದ ಪಡೆಯುವುದೆಂತೆಂದು ಓದುಗನು ತೊಡಕಿಗೆ ಬೀಳಬಾರದೆಂದು ಭಾಷಾಂತರಕಾರರು ಈ ಎಚ್ಚರಿಕೆಯನ್ನು ವಹಿಸಿದಂತೆ ತೋರುತ್ತದೆ. ಇದರಿಂದ ಪೌಲನ ಅಭಿಪ್ರಾಯವು ತಿಳಿಯಾದುದು ನಿಜ. ಆದರೆ ತೋರಾವೆಲ್ಲವೂ ಅಪರಾಧಪತ್ರವೆಂಬ ಭ್ರಾಂತಿಗೂ ಅವಕಾಶವಾಯಿತು. ಹಗಲಿರುಳೂ ಅದನ್ನು ಧ್ಯಾನಿಸಿ ಆನಂದಿಸುವವನನ್ನು ಕೀರ್ತನೆಗಳ ಗ್ರಂಥವು ಹೊಗಳುತ್ತದೆ. ಅಪರಾಧಪತ್ರವನ್ನು ಓದಿ ಆನಂದಿಸುವವರುಂಟೇ?

೫. ಧರ್ಮಶಾಸ್ತ್ರ

ಧರ್ಮಶಾಸ್ತ್ರವೆಂಬ ಮಾತಿನಲ್ಲಿ ಈ ಕೊರತೆಯು ನೀಗುತ್ತದೆ. ಶಾಸನಮಾಡುವುದರಿಂದ ಶಾಸ್ತ್ರ, ಬೋಧಿಸುವುದೂ ಶಾಸನವೇ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂದು ಯಾಜ್ಞವಲ್ಕ್ಯಸ್ಮೃತಿಯು ಮೂರು ಅಧ್ಯಾಯಗಳಾಗಿ ವಿಭಕ್ತವಾಗಿದೆ. ತೋರಾದಲ್ಲಿಯೂ ಆಹಾರಶೌಚಗಳು, ಸಾಲ ದಾಯಭಾಗ ದಂಡನೆಗಳು, ದೋಷಪರಿಹಾರಗಳು ಎಂಬ ಮೂರೂ ಕಲೆತು ಬಂದಿವೆ. ವಿಷಯಸಾಮ್ಯದಿಂದ ನೋಡಿದರೆ ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು.

ಆದರೂ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಧರ್ಮಶಾಸ್ತ್ರವೆಂದರೆ ಸ್ಮೃತಿಯು, ಶ್ರುತಿಯಲ್ಲ. ಮನು, ಯಾಜ್ಞವಲ್ಕ್ಯ, ಪರಾಶರರ ಹೆಸರುಗಳಿಂದ ಕರೆಯಲ್ಪಡುವ ಈ ಗ್ರಂಥಗಳಿಗೆ ಪ್ರಾಮಾಣ್ಯವು ಶ್ರುತಿಮೂಲಕವಾದುದರಿಂದ ಮಾತ್ರ ಬಂದುದು. ಇಡೀ ಬೈಬಲ್ಲಿಗೆ 'ಸತ್ಯವೇದ'ವೆಂದು ಹೆಸರಿಟ್ಟು, ಅದರ ಶಿರೋಭಾಗಕ್ಕೆ 'ಮೋಶೆಯ ಧರ್ಮಶಾಸ್ತ್ರ'ವೆಂದು ಹೆಸರಿಟ್ಟಾಗ, ವೇದದೊಳಗೆ ಸ್ಮೃತಿಯೊಂದು ಸೇರಿಕೊಂಡಂತಾಯಿತು. ಯೆಹೂದ್ಯರಿಗೆ ತೋರಾ ಸಾಕ್ಷಾತ್ ದೇವವಾಣಿ. ಉಳಿದ ಗ್ರಂಥಗಳೇ ಅದಕ್ಕಿಂತ ಕೆಳಗಿನವು. ಕನ್ನಡ ಓದುಗನ ಮನಸ್ಸಿನಲ್ಲಿ ಈ ತರತಮವು ತಲೆಕೆಳಗಾಗುವುದಕ್ಕೆ ಎಡೆಯಾಯಿತು. ಮನುವಿನ ಶಾಸ್ತ್ರದಂತೆ ಮೋಶೆಯದೂ ಒಬ್ಬ ಋಷಿಯ ಕೃತಿಯೆಂದೂ, ಕಾಲಕ್ರಮದಲ್ಲಿ ಬದಲಾಗತಕ್ಕದ್ದೆಂದೂ ಅವನಿಗೆ ತೋರಬಹುದು.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಧರ್ಮಶಾಸ್ತ್ರದ ಕ್ರಿಯೆಗಳಿಂದ ರಕ್ಷಣೆಯಿಲ್ಲವೆಂಬ ಪೌಲವಾಕ್ಯಾರ್ಥವನ್ನು ಕೇಳಿದ ಕನ್ನಡಿಗನಿಗೆ ಒಡನೆಯೇ ತನ್ನ ನಾಡಿನ ಧರ್ಮವೂ ಕರ್ಮವೂ ನೆನಪಿಗೆ ಬರುವುವು. ಯೆಹೂದ್ಯನು ಸುನ್ನತಿಯಿಂದ ರಕ್ಷಣೆಯನ್ನು ಬಯಸಿದಂತೆ ಹಿಂದುವು ಸ್ನಾನದಾನಗಳಿಂದ ಮುಕ್ತಿಯನ್ನು ಬಯಸುವನು, ಎರಡೂ ವ್ಯರ್ಥವೆಂಬ ಸಮೀಕರಣವು ಹತ್ತೊಂಬತ್ತನೆಯ ಶತಮಾನದ ಮಿಷನರಿ ಬೋಧನೆಯಲ್ಲಿ ಪ್ರಬಲವಾಗಿತ್ತು. ಈ ಸಮೀಕರಣದಿಂದ ಎರಡು ಪರಂಪರೆಗಳಿಗೂ ಅನ್ಯಾಯವಾಗಿದೆ. ಕರ್ಮದಿಂದಲೇ ಮೋಕ್ಷವೆಂಬುದು ವೇದಾಂತದ ಸಿದ್ಧಾಂತವಲ್ಲ. ಶಂಕರರು ಕರ್ಮಕ್ಕೆ ಚಿತ್ತಶುದ್ಧಿಯೊಂದನ್ನೇ ಪ್ರಯೋಜನವಾಗಿ ಹೇಳಿದರು. ರಾಮಾನುಜರೂ ಮಧ್ವರೂ ಭಗವತ್ಪ್ರಸಾದವಿಲ್ಲದೆ ಮುಕ್ತಿಯಿಲ್ಲವೆಂದರು. ಯೆಹೂದ್ಯರ ಸಿದ್ಧಾಂತವೂ ಹಾಗಲ್ಲವೆಂದು ಇ. ಪಿ. ಸ್ಯಾಂಡರ್ಸರು ೧೯೭೭ರಲ್ಲಿ ಪ್ರಕಟಿಸಿದ, ಪೌಲನನ್ನೂ ಪ್ಯಾಲೆಸ್ತೀನಿನ ಯೆಹೂದ್ಯಮತವನ್ನೂ ಕುರಿತ ಗ್ರಂಥದಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ಅವರ ಅಭಿಪ್ರಾಯದಲ್ಲಿ ಯೆಹೂದ್ಯನು ಒಡಂಬಡಿಕೆಯೊಳಕ್ಕೆ ಬರುವುದು ದೇವರ ಕೃಪೆಯಿಂದ. ವಿಧಿಯನ್ನು ಆಚರಿಸುವುದು ಅದರೊಳಗೆ ನಿಲ್ಲುವುದಕ್ಕಾಗಿ. ಈ ಮತವನ್ನು ಎಲ್ಲ ವಿದ್ವಾಂಸರೂ ಪೂರ್ಣವಾಗಿ ಅಂಗೀಕರಿಸಿಲ್ಲವಾದರೂ, ಹಳೆಯ ಸಮೀಕರಣವನ್ನು ವಿಮರ್ಶೆಯಿಲ್ಲದೆ ಹೇಳುವುದು ಆಮೇಲೆ ಅಸಾಧ್ಯವಾಯಿತು.

ಇಲ್ಲಿ ವಿಮೋಚನಕಾಂಡವೆಂಬ ಕನ್ನಡ ಹೆಸರು ಸಾಕ್ಷಿಗೆ ಬರುತ್ತದೆ. ಆ ಗ್ರಂಥದ ಕ್ರಮವನ್ನು ನೋಡಿ: ಹನ್ನೆರಡನೆಯ ಅಧ್ಯಾಯದಲ್ಲಿ ಪಸ್ಕವೂ ಐಗುಪ್ತದಿಂದ ಹೊರಡುವುದೂ, ಹದಿನಾಲ್ಕನೆಯದರಲ್ಲಿ ಸಮುದ್ರವನ್ನು ದಾಟುವುದೂ ಇವೆ. ಸೀನಾಯಿಬೆಟ್ಟದ ದಶಾಜ್ಞೆಗಳು ಬರುವುದು ಇಪ್ಪತ್ತನೆಯದರಲ್ಲಿ. ದಶಾಜ್ಞೆಗಳೂ ದಾಸತ್ವದಿಂದ ಬಿಡಿಸಿದ ಸಂಗತಿಯನ್ನು ಮೊದಲು ನೆನಪಿಸಿ ಆಮೇಲೆ ವಿಧಿಸತೊಡಗುವುವು. ಬಿಡುಗಡೆಯು ಮೊದಲು, ವಿಧಿಯು ಅನಂತರ. ವಿಧಿಯನ್ನು ಆಚರಿಸಿದುದಕ್ಕೆ ಫಲವಾಗಿ ಬಿಡುಗಡೆಯಾದುದಲ್ಲ. ಬಿಡುಗಡೆಯಾದವರಿಗೆ ಬದುಕುವ ದಾರಿಯಾಗಿ ವಿಧಿಯು ಬಂದುದು. ಗ್ರೀಕ್ ಹೆಸರನ್ನು ಅನುಸರಿಸಿ ನಿರ್ಗಮವೆಂದಿದ್ದರೆ ಈ ಪೌರ್ವಾಪರ್ಯವು ಇಷ್ಟು ಎದ್ದು ಕಾಣುತ್ತಿರಲಿಲ್ಲ.

೬. ಯಜ್ಞಭಾಗ

ಯಾಜಕಕಾಂಡದ ಮೊದಲ ಏಳು ಅಧ್ಯಾಯಗಳು ಬಲಿಗಳ ವಿಚಾರವಾಗಿವೆ. ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕಯಜ್ಞ, ಪ್ರಾಯಶ್ಚಿತ್ತಯಜ್ಞ ಎಂದು ಕನ್ನಡವು ಇವುಗಳನ್ನು ಕರೆಯುತ್ತದೆ. ಶ್ರೌತಪರಿಭಾಷೆಯಿಂದ ಎತ್ತಿಕೊಂಡ ಈ ಮಾತುಗಳು ಗಂಭೀರವಾಗಿವೆ. ಆದರೆ ಒಳಗಿನ ಭೇದವನ್ನು ಮರೆಸುತ್ತವೆ. ಹೀಬ್ರೂ ಬಲಿಯಲ್ಲಿ ಪಶುವಿನ ರಕ್ತವೇ ಸಾರಭೂತವಾದುದು. ಪ್ರಾಣವು ಅದರಲ್ಲಿದೆಯೆಂದು ಭಾವಿಸಿ ಅದನ್ನು ವೇದಿಯ ಮೇಲೆ ಎರಚಿ ದೋಷವನ್ನು ಕಳೆಯುವರು. ವೈದಿಕಪಶುಯಾಗದಲ್ಲಿ ದೇವತೆಗೆ ಸಲ್ಲುವುದು ವಪೆಯೂ ಅವದಾನಗಳೂ. ರಕ್ತವು ರಾಕ್ಷಸರ ಭಾಗವೆಂದು ಹೊರಚೆಲ್ಲತಕ್ಕದ್ದು. ಪ್ರಾಯಶ್ಚಿತ್ತವೂ ಸ್ಮೃತಿಗಳಲ್ಲಿ ಕೃಚ್ಛ್ರಚಾಂದ್ರಾಯಣಾದಿರೂಪವಾಗಿ ತಪ್ಪುಮಾಡಿದವನೇ ಅನುಭವಿಸತಕ್ಕದ್ದು; ಯಾಜಕಕಾಂಡದಲ್ಲಿ ಯಾಜಕನು ಅವನ ಪರವಾಗಿ ನಡಸತಕ್ಕದ್ದು. ಇಬ್ರಿಯರ ಪತ್ರಿಕೆಯು ಕ್ರಿಸ್ತನನ್ನು ಮಹಾಯಾಜಕನೆಂದೂ ಬಲಿಯೆಂದೂ ವರ್ಣಿಸಿ, ಪುನಃ ಪುನಃ ನಡೆಯುತ್ತಿದ್ದ ಬಲಿಗಳು ಒಂದೇ ಬಲಿಯಲ್ಲಿ ಪೂರ್ಣವಾದುವೆಂದು ಹೇಳುವುದು ಈ ಪರಾರ್ಥತ್ವದ ಬಲದಿಂದಲೇ. ಪ್ರಾಯಶ್ಚಿತ್ತ ಶಬ್ದದ ಸ್ಮಾರ್ತಾರ್ಥವನ್ನು ಮಾತ್ರ ಬಲ್ಲವನಿಗೆ ಆ ವಾದದ ಮೂಲವು ತಿಳಿಯದು.

ಇದಲ್ಲದೆ ಈ ಗ್ರಂಥವು ಬಂದು ಸೇರಿದ ನಾಡು ಯಜ್ಞಹಿಂಸೆಯನ್ನು ಕುರಿತು ಬಹುಕಾಲ ವಾದಿಸಿದ ನಾಡು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟರೂ ಸಂಕಲ್ಪಹಿಂಸೆಯ ಪಾಪವು ತಪ್ಪದೆಂದು ಜನ್ನನು ೧೨೦೯ರ ಯಶೋಧರಚರಿತೆಯಲ್ಲಿ ಚಿತ್ರಿಸಿದನು. ಮಾಧ್ವಸಂಪ್ರದಾಯದಲ್ಲಿ ಪಿಷ್ಟಪಶುವಿನಿಂದ ಯಾಗವನ್ನು ನಡಸುವ ಪದ್ಧತಿಯು ಬಂದಿತು. ಶರಣರು ಹೋಮವನ್ನೇ ಅಲ್ಲಗಳೆದರು. ಇಂತಹ ಓದುಗರ ಮುಂದೆ ಹೋರಿಯನ್ನು ವಧಿಸುವ ವಿಧಿಗಳನ್ನು ಇಡುವುದು ಸಾಹಸವೇ ಸರಿ. ಮೈಸೂರುಸೀಮೆಯಲ್ಲಿ ಬಹುಕಾಲ ಬಾಳಿದ ಕ್ಯಾಥೊಲಿಕ್ ಪಾದ್ರಿಗಳಾದ ಅಬ್ಬೆ ದುಬೊಯಿ ಅವರು ೧೮೨೩ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಬೈಬಲ್ ಭಾಷಾಂತರಗಳನ್ನು ಬಿಚ್ಚಿ ಹಂಚುವುದನ್ನು ಆಕ್ಷೇಪಿಸಿದರು. ಅಬ್ರಹಾಮನು ಅತಿಥಿಗಳಿಗಾಗಿ ಕರುವನ್ನು ಕೊಯ್ಯಿಸಿದ ಕಥೆಯನ್ನು ಓದಿದ ಹಿಂದುವು ಗ್ರಂಥವನ್ನೇ ಎಸೆಯುವನೆಂಬುದು ಅವರ ವಾದ. ತಪ್ಪಿಹೋದ ಮಗನ ಕಥೆಯಲ್ಲಿ ಬರುವ ಕೊಬ್ಬಿದ ಕರುವಿಗೆ ಬದಲಾಗಿ ಕುರಿಮರಿಯೆಂದು ಹೇಳಬೇಕೆಂದು ಕ್ರೈಸ್ತರೇ ತಮಗೆ ಸಲಹೆ ಕೊಟ್ಟುದನ್ನು ಅವರು ಹೇಳಿಕೊಂಡಿದ್ದಾರೆ.

ಫೆರ್ಡಿನಂಡ್ ಕಿಟ್ಟೆಲರು ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದರು. ೧೮೬೨ರಲ್ಲಿ ಬೈಬಲ್ ಕಥೆಗಳನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಹಾಡಿದ ಇವರು, ೧೮೭೨ರಲ್ಲಿ 'ಯಜ್ಞಸುಧಾನಿಧಿ' ಎಂಬ ಚಿಕ್ಕ ಗ್ರಂಥವನ್ನು ಪ್ರಕಟಿಸಿ, ವೈದಿಕಯಜ್ಞದ ವಿಚಾರವನ್ನೆತ್ತಿ ಕ್ರಿಸ್ತಬಲಿಯ ಕಡೆಗೆ ಓದುಗರನ್ನು ಒಯ್ಯಲು ಯತ್ನಿಸಿದರು. ಯಜ್ಞವೆಂಬ ಮಾತನ್ನು ಮರೆಮಾಚದೆ ಅದರ ಹಳೆಯ ಅರ್ಥದೊಡನೆಯೇ ಎದುರುನಿಂತು ವಿಚಾರಿಸಿದುದು ಅವರ ಹೆಚ್ಚಳ. ನಿಘಂಟುಕಾರನಿಗೆ ಸಹಜವಾದ ಪ್ರಾಮಾಣಿಕತೆಯು ಇಲ್ಲಿ ಕಾಣುವುದು.

೭. ಆಚಾರಭಾಗ

ಯೆರೂಸಲೇಮಿನ ಸಭೆಯ ಪ್ರಶ್ನೆಯು ಕರ್ಣಾಟಕದಲ್ಲಿ ತಿರುಗುಮುರುಗಾಗಿ ಕಾಣಿಸಿಕೊಂಡಿತು. ಅಲ್ಲಿ ಕೇಳಿದುದು, ಹೊಸದಾಗಿ ಬಂದವನು ಪರರ ಆಚಾರವನ್ನು ಹಿಡಿಯಬೇಕೋ ಎಂದು. ಇಲ್ಲಿ ಕೇಳಿದುದು, ಅವನು ತನ್ನ ಆಚಾರವನ್ನು ಬಿಡಬೇಕೋ ಎಂದು. ಮಧುರೆಯಲ್ಲಿ ರಾಬರ್ಟೊ ದೆ ನೊಬಿಲಿ ಅವರು ಶಿಖೆ, ಯಜ್ಞೋಪವೀತ, ಚಂದನ, ಸ್ನಾನ ಇವು ಲೌಕಿಕ ಚಿಹ್ನೆಗಳೆಂದು ವಾದಿಸಿದರು; ೧೬೨೩ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಅವರು ಕೆಲವು ನಿಯಮಗಳೊಡನೆ ಅದಕ್ಕೆ ಸಮ್ಮತಿಯಿತ್ತರು. ೧೬೪೯ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿ ಅವರು ಇದೇ ಮಾರ್ಗವನ್ನನುಸರಿಸಿ ಸಂನ್ಯಾಸಿವೇಷದಲ್ಲಿದ್ದು ಕನ್ನಡದಲ್ಲಿ ಬೋಧನೆಮಾಡಿದರು. ಲೌಕಿಕವೆಂದೂ ಧಾರ್ಮಿಕವೆಂದೂ ಆಚಾರವನ್ನು ಒಡೆದು ನೋಡುವ ಈ ಕ್ರಮವು ಅಕ್ವಿನಾಸನು ಮೋಶೆಯ ವಿಧಿಯನ್ನು ಒಡೆದು ನೋಡಿದ ಕ್ರಮಕ್ಕೆ ಸಗೋತ್ರವಾದುದು. ೧೭೪೪ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರ ಶಾಸನದಿಂದ ಈ ಅವಕಾಶವು ಬಹುಮಟ್ಟಿಗೆ ಸಂಕುಚಿತವಾಯಿತು.

ಬಾಸೆಲ್ ಮಿಷನ್ನಿನವರು ಜಾತಿಭೇದವನ್ನು ಸಭೆಯೊಳಕ್ಕೆ ಬಿಡಲಿಲ್ಲ. ಮದರಾಸಿನ ಮಿಷನರಿ ಸಮ್ಮೇಳನವೂ ೧೮೫೦ರಲ್ಲಿ ಜಾತಿಯನ್ನು ಖಂಡಿಸಿ ನಿರ್ಣಯಮಾಡಿತು. ಅಂತಿಯೋಕ್ಯದ ಪಂಕ್ತಿಭೇದವನ್ನು ಪೌಲನು ಆಕ್ಷೇಪಿಸಿದ ಪ್ರಕರಣವು ಈ ವಿಷಯದಲ್ಲಿ ಸ್ವಾಭಾವಿಕವಾದ ಆಧಾರವಾಗುವುದು. ೧೮೪೪ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿ, ಬಾಸೆಲಿನಲ್ಲಿ ವ್ಯಾಸಂಗಮಾಡಿ ೧೮೫೧ರಲ್ಲಿ ಪಾದ್ರಿಪದವಿಯನ್ನು ಪಡೆದ ಹರ್ಮನ್ ಆನಂದರಾವ್ ಕೌಂಡಿನ್ಯರಂತಹವರಿಗೆ ಈ ಪ್ರಶ್ನೆಯು ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಸಾರಸ್ವತಕುಲದಲ್ಲಿ ಹುಟ್ಟಿದವನು ಪಂಕ್ತಿಯನ್ನು ದಾಟಿದನೆಂದರೆ ಮನೆಯನ್ನೂ ಬಂಧುಗಳನ್ನೂ ದಾಟಿದಂತೆಯೇ. ಅನ್ಯಜನರಿಗೆ ಭಾರವಾಗಬಾರದೆಂದು ಯೆರೂಸಲೇಮಿನ ಸಭೆಯು ವಿಧಿಯನ್ನು ಸಡಿಲಿಸಿತು. ಇಲ್ಲಿ ಆಚಾರವನ್ನು ಬಿಡುವುದೇ ಭಾರವಾಯಿತು. ವಿಧಿಯಿಂದ ಬಿಡುಗಡೆಯೆಂಬ ಮಾತಿನ ಬೆಲೆಯು ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲವೆಂಬುದಕ್ಕೆ ಇದು ದೃಷ್ಟಾಂತವು. ಸುನ್ನತಿಯನ್ನೂ ಬಲಿಯನ್ನೂ ಕಳೆದುಕೊಂಡ ಮೋಶೆಯ ವಿಧಿಯು ದಶಾಜ್ಞೆಗಳ ರೂಪದಲ್ಲಿ ಮಾತ್ರ ಕನ್ನಡ ಕ್ರೈಸ್ತರ ಮನೆಗಳಲ್ಲಿ ಬಾಲಬೋಧೆಯಾಗಿ ಉಳಿಯಿತು.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಯೆಹೂದ್ಯರ ತೋರಾದಲ್ಲಿ ಮೂರು ಅಂಶಗಳಿವೆ: ಮೊದಲೇ ಸಿದ್ಧವಾದ ಬಿಡುಗಡೆಯ ಸ್ಮರಣೆ, ಬಿಡುಗಡೆಯಾದವರಿಗೆ ಉಪದೇಶ, ಉಪದೇಶವನ್ನು ಮೀರಿದವರನ್ನು ತೋರಿಸಿಕೊಡುವ ಅಳತೆ. ಕನ್ನಡದಲ್ಲಿ ಮೊದಲನೆಯದು ವಿಮೋಚನಕಾಂಡವೆಂಬ ಹೆಸರಿನಲ್ಲಿಯೂ, ಎರಡನೆಯದು ಧರ್ಮಶಾಸ್ತ್ರ, ಧರ್ಮೋಪದೇಶಗಳೆಂಬ ಮಾತುಗಳಲ್ಲಿಯೂ, ಮೂರನೆಯದು ನ್ಯಾಯಪ್ರಮಾಣವೆಂಬ ಮಾತಿನಲ್ಲಿಯೂ ಹಂಚಿಹೋಗಿ ನಿಂತಿದೆ. ಒಂದೇ ಮಾತಿನಿಂದ ಮೂರನ್ನೂ ಹೇಳುವ ಶಬ್ದವು ಕನ್ನಡದಲ್ಲಿಲ್ಲ, ಗ್ರೀಕಿನಲ್ಲಿಯೂ ಇರಲಿಲ್ಲ. ಪೌಲನು ನಿರಾಕರಿಸಿದುದು ವಿಧಿಗೆ ಕಾರಕತ್ವವನ್ನೇ ಹೊರತು ಪ್ರಾಮಾಣ್ಯವನ್ನಲ್ಲ. ಈ ಭೇದವನ್ನು ಹೇಳಿಕೊಡದೆ ಪರಿಷ್ಕೃತಪಾಠವೊಂದನ್ನೇ ಓದಿಸಿದರೆ, ಕ್ರೈಸ್ತಮತವು ಧರ್ಮವನ್ನೇ ತ್ಯಜಿಸಿತೆಂದು ಒಬ್ಬನೂ, ಹಿಂದುವೂ ಯೆಹೂದ್ಯನೂ ಕರ್ಮದಿಂದಲೇ ಮುಕ್ತಿಯನ್ನು ಕೊಳ್ಳಬಯಸಿದರೆಂದು ಮತ್ತೊಬ್ಬನೂ ತಿಳಿಯುವರು, ಎರಡೂ ತಪ್ಪು.

ಹತ್ತೊಂಬತ್ತನೆಯ ಶತಮಾನದ ಕನ್ನಡಗದ್ಯವನ್ನು ಪಾಠಹೇಳುವವರು ಬೈಬಲ್ ಭಾಷಾಂತರವನ್ನು ವಾಕ್ಯರಚನೆಯ ಮಾದರಿಯೆಂದು ಮಾತ್ರ ನೋಡುವುದುಂಟು. ಹಳೆಯ ಪಾಠವನ್ನೂ ಪರಿಷ್ಕೃತಪಾಠವನ್ನೂ ಎದುರೆದುರಿಗಿಟ್ಟು, ಧರ್ಮ, ನ್ಯಾಯ, ನೀತಿ, ಯಜ್ಞ, ಪ್ರಾಯಶ್ಚಿತ್ತ ಎಂಬ ಐದು ಮಾತುಗಳನ್ನಾದರೂ ಸ್ಮೃತಿಗಳೊಡನೆಯೂ ವಚನಗಳೊಡನೆಯೂ ಹೋಲಿಸಿ ಓದಿಸಿದರೆ, ಶಬ್ದವೊಂದು ಮತಾಂತರವನ್ನು ಹೊಂದುವಾಗ ತನ್ನ ಪೂರ್ವಸಂಸ್ಕಾರವನ್ನು ಎಷ್ಟರಮಟ್ಟಿಗೆ ಉಳಿಸಿಕೊಳ್ಳುವುದೆಂಬುದು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗುವುದು.